ಕಣಕದ ಹಾಗೆ ನಾದಿದ ಕ್ಲೇ

ಹೋಳಿಗೆ ಕಣಕ ನಾದುವುದರಲ್ಲಿ ನಾಗವೇಣಿ ಎತ್ತಿದ ಕೈ. ತುಮಕೂರಿನ ಅವಳ ಬೀದಿಯಲ್ಲಿ ಯಾರ ಮನೆಯಲ್ಲಿ ಹೋಳಿಗೆ ಅಂದರೂ ಕಣಕಕ್ಕೆ ಅವಳೇ ಬರಬೇಕು. ಎಷ್ಟು ನಾದಿದರೆ ಅಷ್ಟು ಚೆನ್ನ ಅನ್ನೋದು ಅವಳ ಮಾತು. ಅಂಥ ಕೈಯೇ ಅವಳಿಗೆ ಒಂದು ದಿನ ಕೈಕೊಟ್ಟಿತು. ಅದನ್ನೇ ಹೇಳುತ್ತೇನೆ ಕೇಳಿ ಮಕ್ಕಳೇ.

ಅವಳು ರಾಜಶೇಖರನ ಎರಡನೆಯ ಹೆಂಡತಿಯಾಗಿ ಬಂದಾಗ ಆ ಮನೆಯಲ್ಲಿ ಹತ್ತು ವರ್ಷದ ಇಂಚರ ಇದ್ದಳು. ಹೆತ್ತ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ನಾಗವೇಣಿಗೆ ಮಗು ಅಂದರೆ ಪ್ರಾಣ. ಪ್ರೀತಿ ಜಾಸ್ತಿಯಾದವರಿಗೆ ಅವಸರವೂ ಜಾಸ್ತಿ. ಬಂದ ವಾರವೇ, “ನನ್ನನ್ನ ಅಮ್ಮ ಅಂತಲೇ ಕರೀಬೇಕು, ಆಯ್ತಾ ಪುಟ್ಟಿ?” ಅಂದಳು. ಮಗು ಹೂಂ ಅಂದಿತು. ಅವತ್ತಿನಿಂದ ಅವಳನ್ನು ಏನೆಂದೂ ಕರೆಯಲಿಲ್ಲ. “ಊಟ ಆಯ್ತು”, “ಸ್ಕೂಲಿಗೆ ಹೋಗ್ಬರ್ತೀನಿ”, ಎಲ್ಲ ಗೋಡೆಗೆ ಹೇಳಿದ ಹಾಗೆ. ಹೀಗೇ ಆರು ತಿಂಗಳಾಯಿತು. ಆ ಮಗುವಿನ ಬಾಯಲ್ಲಿ ತನಗೊಂದು ಹೆಸರಿಲ್ಲವಲ್ಲ ಎಂದು ನಾಗವೇಣಿ ಒಳಗೊಳಗೇ ಬೇಯುತ್ತಿದ್ದಳು.

ಇಂಚರಳ ಹೆತ್ತಮ್ಮ ಪಾಲಿಮರ್ ಕ್ಲೇಯಲ್ಲಿ ಓಲೆ, ಸರ ಮಾಡುತ್ತಿದ್ದಳು. ಅದು ಬಣ್ಣಬಣ್ಣದ ಮೆದು ಮುದ್ದೆ. ಬೇಕಾದ ಆಕಾರ ಕೊಟ್ಟು ಓವನ್ನಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಅವಳು ಬಳಸಿ ಉಳಿಸಿದ ಕ್ಲೇ ಚೂರುಗಳು ಒಂದು ಡಬ್ಬಿಯಲ್ಲಿದ್ದವು. ಕೆಂಪು, ಹಳದಿ, ಬಿಳಿ, ನವಿಲು ನೀಲಿ. ಯಾರಿಗೂ ಮುಟ್ಟಗೊಡದ ಆ ಡಬ್ಬಿಯನ್ನು ಇಂಚರ ಒಂದು ಭಾನುವಾರ ಬೆಳಿಗ್ಗೆ ತಾನಾಗಿಯೇ ತಂದು ನಾಗವೇಣಿಯ ಮುಂದಿಟ್ಟಳು. “ಸ್ಕೂಲ್ ಡೇಗೆ ಸರ ಬೇಕು. ಮಾಡೋಣ್ವಾ?” ಎಂದು ಕೇಳಿ ಸ್ನಾನಕ್ಕೆ ಹೋದಳು.

ನಾಗವೇಣಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಗು ಬರುವಷ್ಟರಲ್ಲಿ ಹದ ಮಾಡಿಡೋಣ ಎಂದು ಪ್ರತಿ ಬಣ್ಣದಲ್ಲೂ ಅರ್ಧರ್ಧ ಕ್ಲೇ ತೆಗೆದು, ಎಲ್ಲವನ್ನೂ ಒಟ್ಟಿಗೆ ಹಾಕಿ ನಾದತೊಡಗಿದಳು. ಹಳೆಯ ಕ್ಲೇ, ಪುಡಿಪುಡಿಯಾಗುತ್ತಿತ್ತು. ಅವಳ ಕೈಗೆ ಅದ್ಯಾವ ಲೆಕ್ಕ? ತಿಕ್ಕಿ, ಎಳೆದು, ಮಡಚಿ, ಕಣಕದ ಹಾಗೇ ನಾದಿದಳು. ಕ್ಲೇ ಬೆಣ್ಣೆಯಾಯಿತು, ಬಣ್ಣ ಕೆಸರಾಯಿತು.

ಒದ್ದೆ ಕೂದಲಲ್ಲಿ ಬಂದ ಇಂಚರ ಅದನ್ನು ನೋಡಿ ನಿಂತಲ್ಲೇ ನಿಂತಳು. “ಅಮ್ಮನ ನೀಲಿ ಎಲ್ಲಿ?” ಅಂದಳು. ಆಮೇಲೆ ಬರೀ ಅಳು.

ನಾಗವೇಣಿ ಆ ಮುದ್ದೆಯನ್ನು ಕೆಳಗಿಟ್ಟಳು. ಅಂಗಡಿಯಿಂದ ಹೊಸದು ತರಬಹುದು. ಆ ತಾಯಿ ಮುಟ್ಟಿದ ಕ್ಲೇ ಯಾವ ಅಂಗಡಿಯಲ್ಲಿ ಸಿಗುತ್ತದೆ?

ನೆಪ ಹೇಳಬಹುದಿತ್ತು. ನಮ್ಮಂಥ ದೊಡ್ಡವರಿಗೆ ನೆಪಕ್ಕೇನು ಬರ! ಅವಳು ಹೇಳಲಿಲ್ಲ. “ತಪ್ಪಾಯ್ತು ಪುಟ್ಟಿ. ನನಗೆ ಗೊತ್ತಿರೋದು ಕಣಕ ಒಂದೇ. ನಿಮ್ಮಮ್ಮ ಹೇಗೆ ಮಾಡ್ತಿದ್ರು, ನೀನೇ ಹೇಳ್ಕೊಡು” ಎಂದು ನೆಲದ ಮೇಲೆ ಕೂತಳು.

ಮಗು ಮೂಗು ಒರೆಸಿಕೊಂಡು ಎದುರಿಗೆ ಕೂತಿತು. ಉಳಿದ ಅರ್ಧದಲ್ಲಿ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಮೆದು ಮಾಡಿಸಿತು. ಬತ್ತಿಯಂತೆ ಹೊಸೆದು, ಪಕ್ಕಪಕ್ಕ ಇಡಿಸಿ, ಒಟ್ಟಿಗೆ ತಿರುಚಲು ಹೇಳಿತು. ಒಂದು ಸುತ್ತು, ಎರಡು ಸುತ್ತು. ನಾಗವೇಣಿಯ ಕೈ ಅಭ್ಯಾಸಬಲದಿಂದ ಇನ್ನೂ ಮುಂದೆ ಹೊರಟಿತು.

“ಸಾಕು” ಅಂದಳು ಇಂಚರ. “ಇನ್ನೂ ತಿರುಚಿದ್ರೆ ಎಲ್ಲ ಒಂದೇ ಆಗ್ಬಿಡತ್ತೆ.”

ತುಂಡು ಮಾಡಿ ಉಂಡೆ ಕಟ್ಟಿದರೆ ಒಂದೊಂದು ಮಣಿಯಲ್ಲೂ ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ ಅಕ್ಕಪಕ್ಕ ಇದ್ದವು. ನಾಗವೇಣಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ಪುಟ್ಟಿ, ನನ್ನನ್ನ ಅಮ್ಮ ಅಂತ ಕರೀಬೇಡ. ಆ ಹೆಸರು ಅವರದ್ದು. ನಿನಗೆ ಹೇಗೆ ಮನಸ್ಸು ಬರತ್ತೋ ಹಾಗೆ ಕರಿ. ಕರೀದೇ ಇದ್ರೂ ನಾನು ಇಲ್ಲೇ ಇರ್ತೀನಿ” ಅಂದಳು.

ಸರಕ್ಕೆ ಮಣಿ ಸಾಲದೆ ಬಂತು. ಆಗ ಇಂಚರ ಆ ಕೆಸರು ಬಣ್ಣದ ಮುದ್ದೆಯನ್ನೇ ಹತ್ತಿರ ಎಳೆದುಕೊಂಡು ಅದರಲ್ಲೂ ಮಣಿ ಮಾಡಿದಳು. ಎಲ್ಲಕ್ಕೂ ದಬ್ಬಣದಲ್ಲಿ ತೂತು ಮಾಡಿ, ಓವನ್ನಿನಲ್ಲಿ ಸುಟ್ಟು, ಆರಿದ ಮೇಲೆ ಪೋಣಿಸಿದರು. ಕೆಸರು ಮಣಿ ನಡುನಡುವೆ ಬಂದು ಉಳಿದ ಬಣ್ಣ ಇನ್ನಷ್ಟು ಎದ್ದು ಕಂಡಿತು.

ಇಂಚರ ಸರವನ್ನು ಕೊರಳಿಗೆ ಹಿಡಿದು, ಬೆನ್ನು ತಿರುಗಿಸಿ ನಿಂತಳು.

“ಚಿಕ್ಕಮ್ಮ, ಗಂಟು ಹಾಕಿ.”

ನಾಗವೇಣಿಗೆ ಕಣ್ಣು ತುಂಬಿ ದಾರವೇ ಕಾಣಿಸಲಿಲ್ಲ.

ನೀತಿ: ಇನ್ನೊಬ್ಬರ ನೆನಪನ್ನು ನಮ್ಮ ಪ್ರೀತಿಯೊಳಗೆ ಕಲಸಿಬಿಡಲು ಹೋಗಬಾರದು, ಎರಡೂ ಕೆಡುತ್ತವೆ. ಅದರ ಪಕ್ಕದಲ್ಲಿ ಒಂದಿಷ್ಟು ಜಾಗ ಕೇಳಬೇಕು. ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಪ್ರೀತಿಗೆ ಆ ಜಾಗ ಸಿಕ್ಕೇ ಸಿಗುತ್ತದೆ.