ನಿಂತವ್ವನ ಸೇತುವೆ

ನಮ್ಮ ಹೊಳೆಕೋಟೆಗೆ ಬಂದವರಿಗೆ ಈಗ ಎರಡು ಸೇತುವೆಗಳು ಕಾಣುತ್ತವೆ. ಬಸ್ ನಿಲ್ದಾಣದ ಹಿಂದಿನ ಇಳಿಜಾರಿನಲ್ಲಿ ನಿಂತು ನೋಡಿದರೆ ಎಡಗಡೆ ಎತ್ತರದಲ್ಲಿ ನಗರಸಭೆಯವರು ಹೋದ ವರ್ಷ ಕಟ್ಟಿಸಿದ ಉಕ್ಕಿನ ಕಾಲುಸೇತುವೆ. ಬಲಗಡೆ ತಗ್ಗಿನಲ್ಲಿ, ನೀರಿಗೆ ಮೈತಾಗಿಸಿಕೊಂಡು ಮಲಗಿರುವ ಹಳೆಯ ಕಲ್ಲಿನ ಸೇತುವೆ. ಹೊಸದನ್ನು ಕಟ್ಟುವಾಗ ಊರಿನಲ್ಲಿ ಎದ್ದ ಗದ್ದಲವನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಗಿರಾಕಿಗಳೆಲ್ಲ ಆಚೆ ದಡಕ್ಕೆ ಹೋಗಿಬಿಡುತ್ತಾರೆ ಎಂದು ಪೇಟೆಯ ಅಂಗಡಿಯವರು ಬಾಯಿ ಬಡಿದುಕೊಂಡರು. ಪೇಟೆಯ ಕಂಡಕಂಡವರೆಲ್ಲ ತಮ್ಮ ಬೀದಿಗೆ ಬರುತ್ತಾರೆ ಎಂದು ಕೋಟೆಯವರು ಮೂಗು ಮುರಿದರು. ಆಟೋದವರು ಬಂದ್ ಮಾಡಿದರು. ಇವರೆಲ್ಲರಿಗೂ ಒಮ್ಮತವಿದ್ದದ್ದು ಒಂದೇ ವಿಷಯದಲ್ಲಿ: ಹೊಸ ಸೇತುವೆಯಿಂದ ನಿಂತವ್ವನಿಗೆ ಅವಮಾನವಾಗಿದೆ ಎಂಬುದರಲ್ಲಿ. ಉದ್ಘಾಟನೆಯ ದಿನ ಅವಳ ಹೆಸರಿನಲ್ಲೇ ಜಯಕಾರ ಹಾಕುತ್ತ ಹೊಸ ಸೇತುವೆಯ ಅಂಚಿನ ಗಾಜುಗಳನ್ನು ಪುಡಿ ಮಾಡಿದರು. ಎಸೆಯಲು ಕಲ್ಲು ಹುಡುಕುವ ಕಷ್ಟವಿರಲಿಲ್ಲ. ಹಳೆಯ ಸೇತುವೆಯ ಎರಡೂ ತುದಿಗೆ ಆಳೆತ್ತರದ ಕಲ್ಲುಗುಡ್ಡೆಗಳಿವೆ. ತಲೆಮಾರುಗಳಿಂದ ಜನ ತಂದು ಹಾಕಿದ ಕಲ್ಲುಗಳು. ಆ ಗುಡ್ಡೆಗಳು ಯಾಕೆ ಬೆಳೆದವು, ನಿಂತವ್ವ ಯಾರು, ಅವಳು ನಿಂತದ್ದು ಏಕೆ ಎಂದು ಜಯಕಾರ ಹಾಕಿದವರಲ್ಲಿ ಕೆಲವರನ್ನು ಕೇಳಿದೆ. ದೇವಿ ರೀ, ಬಹಳ ಶಕ್ತಿ ಐತಿ, ಎಂದರು. ಅಷ್ಟೇ ಗೊತ್ತಿರುವುದು. ಅದಕ್ಕೇ ಇದನ್ನು ಬರೆಯಬೇಕಾಯಿತು.

ಹಿಂದೆ ಒಮ್ಮೆ, ಈ ಸೀಮೆಯನ್ನು ದೇಸಾಯರು ಆಳುತ್ತಿದ್ದ ಕಾಲದಲ್ಲಿ, ಹೊಳೆಯ ಮೇಲೆ ಯಾವ ಸೇತುವೆಯೂ ಇರಲಿಲ್ಲ. ಕೋಟೆ ಆಚೆ ದಡ, ಪೇಟೆ ಈಚೆ ದಡ, ನಡುವೆ ಹರಿಗೋಲು. ಹರಿಗೋಲಿನಲ್ಲಿ ಮೊದಲು ಕೋಟೆಯವರು ಹತ್ತಬೇಕು, ಆಮೇಲೆ ಅವರ ಆಳುಗಳು, ಆಮೇಲೆ ಜಾಗ ಉಳಿದರೆ ಮಾರಲು ಹೊರಟ ಪೇಟೆಯ ಹೆಂಗಸರು. ತಲೆಯ ಮೇಲೆ ಹೊರೆ ಹೊತ್ತವರು ಬಿಸಿಲಿನಲ್ಲಿ ದಂಡೆಯ ಮೇಲೆ ನಿಂತೇ ಇರುತ್ತಿದ್ದರು. ಇಳಿಸಿದರೆ ಮತ್ತೆ ತಲೆಗೆ ಎತ್ತಿಕೊಡುವವರು ಬೇಕಲ್ಲ, ಹಾಗಾಗಿ ಇಳಿಸುತ್ತಲೂ ಇರಲಿಲ್ಲ. ಹೀಗೆ ಎಣ್ಣೆಯ ಕೊಡ ಹೊತ್ತು ನಿಂತು ನಿಂತು ಕುತ್ತಿಗೆ ಕುಸಿದವಳು ಗಾಣಿಗರ ಮಾಳವ್ವ. ಗಂಡ ಬೇಗ ತೀರಿಹೋದ. ಅವಳು ಗಾಣ ನಿಲ್ಲಿಸಲಿಲ್ಲ. ಒಂದು ಗಾಣ ನಾಲ್ಕಾಯಿತು, ಕೋಟೆಯ ದೀಪಗಳೆಲ್ಲ ಅವಳ ಎಣ್ಣೆಯಲ್ಲೇ ಉರಿಯತೊಡಗಿದವು. ಅವಳ ಕೈಗೆ ಇನ್ನೊಂದು ಹೆಸರೂ ಇತ್ತು. ಹೊಟ್ಟೆಯಲ್ಲಿ ಅಡ್ಡ ಬಿದ್ದ ಕೂಸನ್ನು ಹರಳೆಣ್ಣೆ ಹಚ್ಚಿದ ಕೈಯಿಂದ ನೀವಿ ನೀವಿ ತಿರುಗಿಸಿ ಹೆರಿಗೆ ಮಾಡಿಸುವುದು ಆ ಕಡೆ ಅವಳೊಬ್ಬಳಿಗೇ ಬರುತ್ತಿತ್ತಂತೆ. ಕೋಟೆಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಆ ಕೈಯಿಂದಲೇ ಬೆಳಕು ಕಂಡವು.

ವಯಸ್ಸು ಇಳಿಯುವ ಹೊತ್ತಿಗೆ ಮಾಳವ್ವ ದೇಸಾಯರ ಎದುರು ನಿಂತು, ಹೊಳೆಗೆ ಒಂದು ಸೇತುವೆ ಕಟ್ಟಿಸುತ್ತೇನೆ, ಅದರ ಕಟ್ಟಳೆ ಮಾತ್ರ ನನ್ನದಿರಲಿ ಎಂದು ಬೇಡಿಕೊಂಡಳು. ತಮ್ಮ ಬೊಕ್ಕಸಕ್ಕೆ ಭಾರವಿಲ್ಲದ ಕೆಲಸವೆಂದು ದೇಸಾಯರು ಹೂಂ ಎಂದರು, ಹೊಳೆಯ ನೀರು ಮುಟ್ಟಿ ಮಾತನ್ನೂ ಕೊಟ್ಟರು. ಸೇತುವೆ ಎದ್ದಿತು. ಒಂದು ಚಪ್ಪಡಿಯ ಅಗಲ, ಒಬ್ಬರು ನಡೆಯುವಷ್ಟೇ ಜಾಗ. ನಡುಹೊಳೆಯ ಬಂಡೆಯ ಮೇಲೆ ಮಾತ್ರ ನಾಲ್ಕು ಜನ ನಿಲ್ಲಬಹುದಾದ ದೊಡ್ಡ ಹಾಸುಗಲ್ಲು, ಅದೇ ನಡುಗಲ್ಲು. ಪೇಟೆಯ ತುದಿಗೆ ಕಟ್ಟಳೆಯ ಕಲ್ಲು ನೆಡಿಸಿದಳು. ಹೊರೆ ಹೊತ್ತವರಿಗೆ ಮೊದಲು ದಾರಿ. ಬರಿಗೈಯವರು ಎದುರಾದರೆ, ಯಾರೇ ಆಗಲಿ, ಹಿಂದಕ್ಕೆ ಸರಿಯಬೇಕು. ಹೊತ್ತವರು ದಣಿದು ನಿಂತರೆ ಅವರನ್ನು ಯಾರೂ ಅವಸರಿಸಬಾರದು. ಈ ಕೊನೆಯ ಮಾತನ್ನು ದಂಡೆಯ ಬಿಸಿಲಿನಲ್ಲಿ ನಿಂತವಳಲ್ಲದೆ ಬೇರೆ ಯಾರೂ ಬರೆಸುತ್ತಿರಲಿಲ್ಲ. ಅದೇ ಮಾತು ಅವಳ ಕೊರಳಿಗೆ ಬಂತು.

ಸೇತುವೆಯ ಮೇಲೆ ಜನ ನಡೆಯುವ ಮೊದಲೇ ದೂರುಗಳು ನಡೆಯತೊಡಗಿದವು. ಪಲ್ಲಕ್ಕಿ ಹಿಡಿಸುವುದಿಲ್ಲ ಎಂದು ಕೋಟೆಯ ಹೆಣ್ಣುಮಕ್ಕಳು ಸಿಟ್ಟಾದರು. ಗಾಡಿ ಹೋಗದ ಸೇತುವೆ ಎಂಥ ಸೇತುವೆ ಎಂದು ವ್ಯಾಪಾರಿಗಳು ನಕ್ಕರು. ಹರಿಗೋಲಿನವರು ಹೊಟ್ಟೆಯ ಮೇಲೆ ಹೊಡೆದಳು ಎಂದು ಶಪಿಸಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಜೋಯಿಸರು ಹೊಳೆಗೆ ಸಂಕೋಲೆ ಬಿತ್ತು, ಇನ್ನು ಮಳೆ ಬಾರದು ಎಂದರು. ಆ ವರ್ಷ ಮಳೆ ಹೊಯ್ದು ಹೊಳೆ ತುಂಬಿದಾಗ, ನೋಡಿ, ಗಂಗಮ್ಮ ಮುನಿದಳು ಎಂದರು. ಪೇಟೆಯವರಾದರೂ ಸಂತೋಷಪಟ್ಟರೇ? ಮೊದಲ ತಿಂಗಳು ಪಟ್ಟರು. ಆಮೇಲೆ, ನಮ್ಮ ಜೊತೆ ಕೊಡ ಹೊತ್ತವಳು ಈಗ ಕಲ್ಲಿನಲ್ಲಿ ಕಟ್ಟಳೆ ಬರೆಸುವಷ್ಟು ದೊಡ್ಡವಳಾದಳೇ ಎಂಬ ಉರಿ ಶುರುವಾಯಿತು. ಮೇಲಿನವರ ದರ್ಪವನ್ನು ನಮ್ಮ ಜನ ಹೇಗಾದರೂ ಸಹಿಸುತ್ತಾರೆ. ಪಕ್ಕದ ಮನೆಯವಳ ಒಳ್ಳೆಯತನವನ್ನು ಮಾತ್ರ ಸಹಿಸಲಾರರು.

ಇಷ್ಟಾದರೂ ಅದು ಬರಿಯ ಗೊಣಗಾಟವಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ಒಂದು ಬೆಳಿಗ್ಗೆ ಕೋಟೆಯ ಕಿಲ್ಲೇದಾರ ಮುದ್ದಪ್ಪನಾಯಕ ಜರಿಯ ಪಾಗು ಸುತ್ತಿ ಪೇಟೆಯ ಕಡೆ ಹೊರಟ. ನಡುಗಲ್ಲು ದಾಟಿ ಇನ್ನೇನು ದಡ ಮುಟ್ಟಬೇಕು, ಎದುರಿಗೆ ಸಗಣಿಯ ಕುಳ್ಳು ಮಾರುವ ದುರಗವ್ವ ಬುಟ್ಟಿ ಹೊತ್ತು ಬಂದಳು. ಅವಳಿಗೇ ಹೆದರಿಕೆ, ಹಿಂದಕ್ಕೆ ಹೋಗಲು ತಿರುಗಿದಳು. ದಂಡೆಯ ಮೇಲಿದ್ದ ಮಾಳವ್ವ, "ದುರಗೀ, ನೀ ಹೊತ್ತಾಕಿ. ನಿಂದು ದಾರಿ. ನಾಯಕರು ಸರೀತಾರ," ಎಂದಳು. ನಾಯಕ ಸರಿದ. ನಡುಗಲ್ಲಿನ ತನಕ ಹಿಮ್ಮೆಟ್ಟುತ್ತ ಹೋದ. ಪಾಗು ಜಾರಿ ಹೊಳೆಗೆ ಬಿತ್ತು. ಎರಡೂ ದಡದಲ್ಲಿ ಜನ ನಕ್ಕರು. ನಕ್ಕವರಿಗೆ ಆ ನಗು ಸಂಜೆಗೆ ಮರೆತುಹೋಯಿತು. ನಾಯಕನಿಗೆ ಮರೆಯಲಿಲ್ಲ. ಕಟ್ಟಳೆಯ ಕಲ್ಲನ್ನು ಕಿತ್ತೆಸೆಯೋಣ ಎಂದ ಆಳುಗಳಿಗೆ ಅವನು, "ಕಟ್ಟಳೆ ಮುರಿಯೋದು ಬ್ಯಾಡ. ಅಕಿ ಬರೆಸಿದ ಹಾಂಗ ಪಾಲಿಸೋಣು," ಎಂದನೆನ್ನುತ್ತಾರೆ.

ಮಾಳವ್ವನಿಗೆ ಇದ್ದವಳು ಒಬ್ಬಳೇ ಮಗಳು, ಹೂವಕ್ಕ. ಕೋಟೆಯ ಬಾಗಿಲು ಕಾಯುವ ಭರಮಣ್ಣನಿಗೆ ಕೊಟ್ಟಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಿತ್ತು. ಆ ಕೂಸೂ ಅಡ್ಡ ಬಿದ್ದಿತ್ತು, ತಾಯಿಯ ಕೈಯೇ ಅದನ್ನು ತಿರುಗಿಸಿ ಉಳಿಸಿತ್ತು. ಎರಡನೆಯದು ಗಂಡನ ಮನೆಯಲ್ಲಿ. ಹೊಳೆ ತುಂಬಿ ಹರಿಯುತ್ತಿದ್ದ ಆ ಶ್ರಾವಣದ ಬೆಳಿಗ್ಗೆ ಭರಮಣ್ಣನ ತಂಗಿ ಓಡಿಬಂದು, "ಅತ್ತೀ, ಮತ್ತ ಅಡ್ಡ ಐತಿ, ಲಗೂನ ಬರ್ರಿ," ಎಂದಳು. ಮಾಳವ್ವ ಹರಳೆಣ್ಣೆಯ ಗಿಂಡಿಗೆ ಕೈ ಹಾಕಿದಳು. "ಎಣ್ಣಿ ನಮ್ಮಲ್ಲೇ ಐತಿ, ಬರ್ರಿ," ಎಂದಳು ಆ ಹುಡುಗಿ. ಹುಟ್ಟಿದಾಗಿನಿಂದ ಹೊರೆಯಿಲ್ಲದೆ ಹೊಳೆ ದಾಟದಿದ್ದ ಮಾಳವ್ವ ಅಂದು ಬರಿಗೈಯಲ್ಲಿ ಹೊರಟಳು. ಹುಡುಗಿ ಮುಂದೆ ಓಡಿ ಆಚೆ ದಡ ಸೇರಿಕೊಂಡಳು, ಮಾಳವ್ವ ಬರುತ್ತಿದ್ದಾಳೆ ಎಂದು ಕೋಟೆಯ ಬಾಗಿಲಲ್ಲಿ ಕೂಗಿ ಹೇಳಿದಳು. ಆ ಬಾಗಿಲಲ್ಲಿ, ಅವಳು ಬರಿಗೈಯಲ್ಲಿ ಬರುವ ದಿನಕ್ಕೇ ಕಾದಿದ್ದ ಮುದ್ದಪ್ಪನಾಯಕ ನಿಂತಿದ್ದ.

ಮಾಳವ್ವ ನಡುಗಲ್ಲು ಮುಟ್ಟುವ ಹೊತ್ತಿಗೆ ಎದುರಿನಿಂದ ನಾಯಕನ ಆಳೊಬ್ಬ ಬಂದ, ಕೈಯಲ್ಲಿ ಒಂದು ಕಲ್ಲು. ಅವನ ಹಿಂದೆ ಇನ್ನೊಬ್ಬ, ಅವನ ಕೈಯಲ್ಲೂ ಒಂದು ಕಲ್ಲು. ಕೋಟೆಯ ದಡದವರೆಗೂ ಸಾಲು. ಪಲ್ಲಕ್ಕಿಯ ಹೆಣ್ಣುಮಕ್ಕಳು ನಿಂಬೆಹಣ್ಣಿನಷ್ಟು ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಮೊದಲಿನವನು ನಡುಗಲ್ಲಿನ ಅಂಚಿಗೆ ಬಂದು ನಿಂತು, "ನಾವು ಹೊತ್ತವರವ್ವಾ. ಬಾಳ ದಣಿದೀವಿ. ಸ್ವಲ್ಪ ಸುಧಾರಿಸ್ಕೋತೀವಿ, ಅವಸರ ಮಾಡಬ್ಯಾಡ," ಎಂದ. ಸಾಲಿನುದ್ದಕ್ಕೂ ನಗು. ಮಾಳವ್ವ ಹಿಂದೆ ತಿರುಗಿದಳು, ಮನೆಗೆ ಓಡಿ ಎಣ್ಣೆಯ ಕೊಡ ಹೊತ್ತು ಬರೋಣವೆಂದು. ಅಷ್ಟರಲ್ಲಿ ಪೇಟೆಯ ಕಡೆಯ ಚಪ್ಪಡಿಗಳ ಮೇಲೂ ಜನ ತುಂಬಿದ್ದರು. ಅವರನ್ನು ನಾಯಕ ಕರೆದಿರಲಿಲ್ಲ. ತಮಾಷೆ ನೋಡಲು ಬಂದವರು ತಾವೂ ಒಂದೊಂದು ಕಲ್ಲು ಎತ್ತಿಕೊಂಡಿದ್ದರು, ಅಷ್ಟೇ.

ಅವಳು ಯಾರನ್ನೂ ಬೈಯಲಿಲ್ಲ ಎನ್ನುತ್ತಾರೆ. ಮಗಳ ಕೂಸು ಅಡ್ಡ ಬಿದ್ದಿದೆ ಎಂದಳು. ಗೊತ್ತಿದೆ ಎಂದರು. "ಹಂಗಾರ ನಿಮ್ಮ ಕೈಯಾಗಿನ ಒಂದು ಕಲ್ಲು ನನಗ ಕೊಡ್ರಿ. ನಾನೂ ಹೊತ್ತಾಕಿ ಆಗ್ತೀನಿ," ಎಂದು ಸೆರಗು ಒಡ್ಡಿದಳು. ಕೊಟ್ಟವನು ಬರಿಗೈಯವನಾಗುತ್ತಾನೆ, ಸರಿಯಬೇಕಾಗುತ್ತದೆ, ಯಾರೂ ಕೊಡಲಿಲ್ಲ. ಪೇಟೆಯ ಸಾಲಿನ ಮೊದಲಲ್ಲಿ ದುರಗವ್ವ ನಿಂತಿದ್ದಳು, ಅದೇ ಬುಟ್ಟಿ, ಅದರೊಳಗೆ ಕುಳ್ಳಿನ ಬದಲು ಒಂದು ಕಲ್ಲು. ಮಾಳವ್ವ ಅವಳ ಮುಂದೆ ಸೆರಗು ಹಿಡಿದಳು. ದುರಗವ್ವ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, "ನನ್ನ ಹಿಂದಿನವರು ಸರಿದ್ರ ನಾನೂ ಸರೀತೀನವ್ವಾ," ಎಂದಳು. ಅವಳ ಹಿಂದಿನವನೂ ಅದನ್ನೇ ಹೇಳಿದ. ಕೊನೆಯವನ ಹಿಂದೆ ಯಾರೂ ಇರಲಿಲ್ಲ, ಆದರೆ ಅವನನ್ನು ಯಾರೂ ಕೇಳಲಿಲ್ಲ.

ಹಾಗೆಂದು ಆ ಜನ ಪೂರಾ ಕಲ್ಲೆದೆಯವರಲ್ಲ. ಕೋಟೆಯ ಮನೆಯಿಂದ ಸುದ್ದಿ ಬಂದಾಗ ಅದನ್ನು ಬಾಯಿಂದ ಬಾಯಿಗೆ ದಾಟಿಸಿ ಮಾಳವ್ವನಿಗೆ ಮುಟ್ಟಿಸಿದರು. ನೀರು ಹೋಯಿತಂತೆ. ಕೂಸಿನ ಕೈ ಹೊರಗೆ ಬಂತಂತೆ. ಅವಳು ಹೇಳಿದ್ದನ್ನೂ ಅಷ್ಟೇ ಶ್ರದ್ಧೆಯಿಂದ ಹಿಂದಕ್ಕೆ ದಾಟಿಸಿದರು: ಎಳೆಯಬೇಡಿರಿ, ಎಡಮಗ್ಗುಲಿಗೆ ಮಲಗಿಸಿರಿ, ಅಂಗೈಗೆ ಎಣ್ಣೆ ಹಚ್ಚಿ ಮೆಲ್ಲಗೆ ಒಳಗೆ ಸರಿಸಿರಿ. ಒಂದಕ್ಷರ ತಪ್ಪಿಸಲಿಲ್ಲ. ಮಾತು ಹೊಳೆ ದಾಟಿತು, ಅವಳ ಕೈ ದಾಟಲಿಲ್ಲ. ಮಧ್ಯಾಹ್ನ ಇಳಿಯುತ್ತಲೂ ಆಚೆಯಿಂದ ಇನ್ನೊಂದು ಮಾತು ಹೊರಟಿತು. ಸಾಲಿನಲ್ಲಿ ಒಬ್ಬೊಬ್ಬರೇ ತಲೆ ತಗ್ಗಿಸುತ್ತ ಬಂದದ್ದನ್ನು ಮಾಳವ್ವ ನೋಡಿದಳು. ಮುಂದಿನವನಿಗೆ ಮಾತು ಮುಟ್ಟಿತು, ಅವನೂ ತಲೆ ತಗ್ಗಿಸಿದ. ಹೇಳುವುದು ಬೇಕಾಗಿರಲಿಲ್ಲ.

ಸುಡುಗಾಡು ಪೇಟೆಯ ಕಡೆ. ಅಳಿಯ ಭರಮಣ್ಣ ಮುಂದೆ ಹೆಗಲು ಕೊಟ್ಟು ಹೂವಕ್ಕನನ್ನೂ ಕೂಸನ್ನೂ ಒಂದೇ ಚಟ್ಟದಲ್ಲಿ ತಂದ. ಹೆಣದ ಮುಂದೆ ಮಾತ್ರ ಎಲ್ಲರೂ ಸರಿದರು. ಹೆತ್ತವಳಿಗೆ ಸಿಗದ ದಾರಿ ಗಳಿಗೆಯಲ್ಲಿ ತೆರವಾಯಿತು. ಭರಮಣ್ಣ ನಡುಗಲ್ಲಿಗೆ ಬಂದು ಅತ್ತೆಯನ್ನು ನೋಡಿ ನಿಂತುಬಿಟ್ಟ, ಮುಂದೆ ಕಾಲಿಡಲಾರದೆ. ಮಾಳವ್ವ ಮಗಳ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿ ಮತ್ತೆ ಮುಚ್ಚಿದಳು. ಆಮೇಲೆ ಅಂಚಿಗೆ ಸರಿದು, "ಹೊತ್ತವರು ಮುಂದ ಹೋಗ್ರಿ," ಎಂದಳು. ಚಟ್ಟ ಪೇಟೆಯ ಕಡೆ ಇಳಿದುಹೋಯಿತು. ಎರಡೂ ಕಡೆಯವರು ತಮ್ಮ ಕೈಯಲ್ಲಿದ್ದ ಕಲ್ಲುಗಳನ್ನು ದಡದಲ್ಲೇ ಬಿಸುಟು ಮನೆಗೆ ಹೋದರು. ಈಗಿನ ಗುಡ್ಡೆಗಳ ತಳದಲ್ಲಿರುವುದು ಅವೇ.

ಮಾಳವ್ವ ಮಾತ್ರ ಅಲ್ಲೇ ನಿಂತಳು. ಮರುದಿನ ಪೇಟೆಯ ಹೆಂಗಸರು ಅನ್ನ ತಂದರು, ಮುಟ್ಟಲಿಲ್ಲ. ಕೊನೆಗೆ ಮುದ್ದಪ್ಪನಾಯಕನೇ ಬರಿಗೈಯಲ್ಲಿ ಬಂದು, "ದಾರಿ ಖಾಲಿ ಐತಲ್ಲ, ಹೋಗು," ಎಂದ. "ಎಲ್ಲಿಗೆ?" ಎಂದಳು. ಅವನು ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಆ ಮೇಲೆ ಹೊಳೆ ಇನ್ನೂ ಏರಿ ಸೇತುವೆಯ ಮೇಲೆ ಹರಿಯಿತು. ಮೊಣಕಾಲವರೆಗೆ ನೀರು ಬಂದರೂ ಅವಳು ನಿಂತಿದ್ದುದನ್ನು ಕೋಟೆಯ ಮೇಲಿಂದ ಕಂಡವರಿದ್ದಾರೆ ಎನ್ನುತ್ತಾರೆ. ಹಗ್ಗ ತರಬೇಕೆಂದು ಒಬ್ಬರಿಗೊಬ್ಬರು ಹೇಳಿಕೊಂಡರಂತೆ. ನೀರು ಇಳಿದಾಗ ನಡುಗಲ್ಲು ಬರಿದಾಗಿತ್ತು.

ಮುಂದಿನದು ನಿರೀಕ್ಷಿಸಿದಂತೆಯೇ. ನಾಯಕನ ಮನೆಯ ಸೊಸೆಯಂದಿರಿಗೆ ಕೂಸುಗಳು ಅಡ್ಡ ಬೀಳತೊಡಗಿದವು, ತಿರುಗಿಸುವ ಕೈ ಊರಿನಲ್ಲಿ ಉಳಿದಿರಲಿಲ್ಲ. ಹೆದರಿ ಗುಡಿ ಕಟ್ಟಿಸಿದರು. ಬದುಕಿದ್ದಾಗ ಮಾಳವ್ವನೆಂಬ ಹೆಸರು ಹಿಡಿದು ಕರೆಯಲು ನಾಲಿಗೆ ಬಾರದವರು ಸತ್ತ ಮೇಲೆ ನಿಂತವ್ವ ಎಂದು ಕೈಮುಗಿದರು. ಸೇತುವೆಗೂ ಅದೇ ಹೆಸರು ನಿಂತಿತು. ಕೊಂದವರೇ ಗುಡಿ ಕಟ್ಟಿಸಿ, ಆ ಗುಡಿಯ ಹೆಸರಿನಲ್ಲಿ ಮುಂದಿನವರನ್ನು ಹೊಡೆಯಲು ಹೋಗುವ ಜಾಣತನ ನಮ್ಮ ಊರಿಗೆ ಯಾವತ್ತೂ ಕಡಿಮೆಯಾಗಿಲ್ಲ. ಇದನ್ನು ಬರೆಯುವಾಗ ನನಗೆ ಈ ಊರಿನವನೆಂದು ನಾಚಿಕೆಯಾಗುತ್ತದೆ.

ಇಂದಿಗೂ ಹಳೆಯ ಸೇತುವೆ ಹತ್ತುವವರು ಬರಿಗೈಯಲ್ಲಿ ಹತ್ತುವುದಿಲ್ಲ. ಈಚೆ ದಡದಿಂದ ಒಂದು ಕಲ್ಲು ಎತ್ತಿಕೊಂಡು, ಮುಷ್ಟಿಯಲ್ಲಿ ಬಿಗಿಹಿಡಿದು, ಆಚೆಯ ಗುಡ್ಡೆಗೆ ಹಾಕುತ್ತಾರೆ; ಹೊರಗಿನ ಪ್ರವಾಸಿಗಳೂ ಗೈಡ್ ಹೇಳಿದಂತೆ ಹಾಗೆಯೇ ಮಾಡಿ, ಇಷ್ಟಾರ್ಥ ಬೇಡಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಬಸುರಿಯರನ್ನು ನೆಂಟರು ಕೈಹಿಡಿದು ದಾಟಿಸುತ್ತಾರೆ. ನಡುವಿನ ದೊಡ್ಡ ಹಾಸುಗಲ್ಲಿನ ಮೇಲೆ ಅರಿಸಿನ, ಕುಂಕುಮ, ಹೂವು, ಒಡೆದ ತೆಂಗಿನಕಾಯಿ, ಊದುಬತ್ತಿಯ ಬೂದಿ ಎಲ್ಲವೂ ಬಿದ್ದಿರುತ್ತವೆ. ಹೋದಾಗಲೆಲ್ಲ ನಾನು ಬಗ್ಗಿ ಹುಡುಕುತ್ತೇನೆ. ಅಷ್ಟು ತಲೆಮಾರುಗಳಲ್ಲಿ, ಅಷ್ಟು ಕೈಗಳಲ್ಲಿ, ಅವಳು ಕೇಳಿದ ಒಂದು ಕಲ್ಲನ್ನು ಅಲ್ಲಿ ಇಟ್ಟುಹೋದವರು ಒಬ್ಬರೂ ಇಲ್ಲ.