ಮರಿಸ್ವಾಮಿ ಮೇಟಿ ಕಿತ್ತದ್ದು

ಕೊಳ್ಳೇಗಾಲದ ಪೇಟೆಯಲ್ಲಿ ಒಬ್ಬಳು ತಾಯಿ, ಆ ತಾಯಿಗೊಬ್ಬ ಮಗ. ತಾಯಿ ಸರ್ವಮಂಗಳಮ್ಮ ಬಲು ಚುರುಕು. ಮಗ ಮರಿಸ್ವಾಮಿಗೆ ಇಪ್ಪತ್ತಾರು ತುಂಬಿತ್ತು, ಬುದ್ಧಿ ಮಾತ್ರ ತುಂಬಿರಲಿಲ್ಲ. 'ಹಾಲು ನೋಡ್ಕೊಳೋ' ಅಂದರೆ ನೋಡುತ್ತಾ ಕೂರುವನು. ಹಾಲು ಉಕ್ಕಿದರೂ ನೋಡುವನು, ತಳ ಹತ್ತಿದರೂ ನೋಡುವನು.

"ಏನೋ ಮಾಡ್ತಿದ್ದೆ?"

"ನೋಡ್ಕೊಂಡೆ ಕಣವ್ವಾ!"

ಸರ್ವಮಂಗಳಮ್ಮ ಹಣೆ ಚಚ್ಚಿಕೊಳ್ಳುವಳು.

ಅವಳು ಊರ ವಾಚನಾಲಯದಲ್ಲಿ ಇಪ್ಪತ್ತೆರಡು ವರ್ಷ ಸರ್ವರ್ ಕಂಪ್ಯೂಟರ್ ನೋಡಿಕೊಂಡವಳು. ಪುಸ್ತಕಗಳ, ಓದುಗರ ವಿವರವೆಲ್ಲ ಅದರ ಹೊಟ್ಟೆಯಲ್ಲಿ. ಅದರ ತಂತ್ರಾಂಶದ ಹೆಸರು ಪುಸ್ತಕಮನೆ. ಒಬ್ಬರ ಸ್ವತ್ತಲ್ಲ, ಹತ್ತೂರಿನವರು ಸೇರಿ ಬರೆದದ್ದು. ಯಾರು ಬೇಕಾದರೂ ಒಳಗೆ ಇಣುಕಬಹುದು, ತಿದ್ದಬಹುದು. ಅದನ್ನು ಆಳುವುದಕ್ಕೆ 'ಮೇಟಿ' ಅಂತ ಹಳೇ ಸಲಕರಣೆ. ಕಪ್ಪು ಪರದೆ, ಬಿಳಿ ಅಕ್ಷರ. ಒಂದೊಂದು ಆಜ್ಞೆಯನ್ನೂ ಟೈಪ್ ಮಾಡಬೇಕು, ಒಂದು ಚುಕ್ಕಿ ತಪ್ಪಿದರೂ ಅದು ಮುನಿಸಿಕೊಳ್ಳುವುದು. ಅಂಥಾ ನೂರಾ ನಲವತ್ತು ಆಜ್ಞೆ ಸರ್ವಮಂಗಳಮ್ಮನಿಗೆ ಬಾಯಿಪಾಠ!

ಅವಳು ನಿವೃತ್ತಿಯಾದಳು, ಕುರ್ಚಿಗೆ ಮಗ ಬಂದ. ಹಿಂದೆಯೇ ಸುದ್ದಿ ಬಂತು. ಮೇಟಿ ಕಿತ್ತು 'ಸಾರಥಿ' ಅನ್ನೋ ಹೊಸದು ಹಾಕುತ್ತಾರಂತೆ. ಬರೆದವನು ಯಾರು? ನಿಜಗುಣ! ಓರಗಿತ್ತಿ ಚಂದ್ರಕಲಾಳ ಮಗ!

ಚಂದ್ರಕಲಾ ಕಾಂಪೌಂಡಿನಾಚೆಯಿಂದಲೇ ಕೂಗಿ ಹೇಳಿದಳು, "ಅಕ್ಕಾ, ಇನ್ಮೇಲೆ ಬಾಯಿಪಾಠ ಎಲ್ಲಾ ಬ್ಯಾಡವಂತೆ! ಮಕ್ಕಳೂ ನಡೆಸಬಹುದಂತೆ!"

ಸರ್ವಮಂಗಳಮ್ಮ ದಡಕ್ಕನೆ ಒಳಗೆ ಬಂದಳು. ಮಕ್ಕಳೂ ನಡೆಸಬಹುದಂತೆ! ನನ್ನ ಇಪ್ಪತ್ತೆರಡು ವರ್ಷ ಇವಳ ಮಗನಿಗೆ ಆಟ ಆಯಿತೇ? ಅವನ ಕೈ ತಾಗುವ ಮೊದಲು ನನ್ನ ಮಗನೇ ಮೇಟಿ ಕಿತ್ತು ಸಾರಥಿ ಹಾಕಿಬಿಡಬೇಕು!

"ಲೋ ಮರಿ, ಹೋಗು, ಹೊಸದನ್ನ ಹಾಕು. 'ಹಾಕಲೇ' ಅಂತ ಕೇಳುತ್ತೆ. ಹೌದು ಅನ್ನು, ಅಷ್ಟೇ!"

ಮರಿಸ್ವಾಮಿ ಹೋದ. ಪರದೆ ಕೇಳಿತು, 'ಹಾಕಲೇ?' "ಹೌದು!" ಅಂದ. ಪರದೆ ಸುಮ್ಮನಿತ್ತು. "ಹೌದು!" ಅಂತ ಕೂಗಿದ. ಓದುತ್ತಿದ್ದವರೆಲ್ಲ ಎದ್ದು ಹೋದರು. ಸಂಜೆಗೆ ಗಂಟಲು ಕಟ್ಟಿ ಮನೆಗೆ ಬಂದ.

"ಅಯ್ಯೋ ಪೆದ್ದೇ! ಅದಕ್ಕೆ ಕಿವಿ ಉಂಟೇನೋ? ಬಾಯಲ್ಲಲ್ಲ, ಕೈಯಲ್ಲಿ! ಏನು ಕೇಳಿದರೂ 'ಹೌದು' ಅಂತ ಒತ್ತು!"

"ಹಂಗೇ ಆಗಲಿ ಕಣವ್ವಾ."

ಮಾರನೇ ದಿನ ಹೋದ. ಸಾರಥಿ ಹಾಕುವುದಕ್ಕೆ ವಾಚನಾಲಯದವರು ಬೇರೆ ದಿನ ಗೊತ್ತುಮಾಡಿದ್ದರು, ಅಲ್ಲಿವರೆಗೆ ಮೇಟಿಯೇ ಗತಿ. ಏನು ಕೇಳಿದರೂ ಹೌದು ಒತ್ತಿದ. ಊರು ಬಿಟ್ಟುಹೋದ ಒಬ್ಬ ಓದುಗನ ಹೆಸರು ತೆಗೆಯಬೇಕಿತ್ತು, ಮೇಟಿ ಕೇಳಿತು, 'ಎಲ್ಲಾ ಓದುಗರನ್ನೂ ಅಳಿಸಲೇ?' ಹೌದು! 'ಖಂಡಿತವೇ?' ಹೌದು! ಸಾವಿರದ ನಾನೂರು ಮಂದಿ ಮಾಯ!

ನಿವೃತ್ತ ಮೇಷ್ಟ್ರೊಬ್ಬರು ಪುಸ್ತಕ ಕೇಳಿದರು.

"ನೀವು ಇಲ್ಲ ಮೇಷ್ಟ್ರೇ."

"ಎದುರಿಗೇ ನಿಂತಿದೀನಲ್ಲಯ್ಯಾ!"

"ನಿಂತಿರಬಹುದು. ಆದರೆ ಇಲ್ಲ."

ಗ್ರಂಥಪಾಲಕಿ ತಬಸ್ಸುಮ್ ಮೇಡಂ ಗಾಬರಿಯಾಗಿ ಯಾರಿಗೆ ಫೋನ್ ಮಾಡಿದರು? ನಿಜಗುಣನಿಗೆ! ಅವನು ಕೂತಲ್ಲೇ ಹಳೇ ನಕಲಿನಿಂದ ಸಾವಿರದ ನಾನೂರು ಮಂದಿಯನ್ನೂ ವಾಪಸು ತಂದ. ಅದಕ್ಕೆ ಹಿಡಿದದ್ದು ಹತ್ತೇ ನಿಮಿಷ. ಆ ಹತ್ತು ನಿಮಿಷದ ವಿಷಯವನ್ನು ಚಂದ್ರಕಲಾ ಬೀದಿಯಲ್ಲಿ ಎರಡು ದಿನ ಹೇಳಿದಳು. ಸರ್ವಮಂಗಳಮ್ಮ ಮಗನ ಕಿವಿ ಹಿಡಿದಳು.

"ಲೋ, ಏನೇ ತೆಗೆಯೋ ಮುಂಚೆ ನಕಲು ಮಾಡಿಟ್ಕೊಬೇಕು ಕಣೋ! ತಿಳೀತಾ?"

"ತಿಳೀತು ಕಣವ್ವಾ."

ಮಾರನೇ ದಿನ ವಾಚನಾಲಯದ ನೆಲ ತೊಳೆದಿತ್ತು. ಮೇಡಂ ಅಂದರು, "ಚಪ್ಪಲಿ ತೆಗೆದು ಬಾಪ್ಪಾ." ಮರಿಸ್ವಾಮಿ ಹಿಂದಕ್ಕೆ ಓಡಿದ. ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಎರಡೂ ಚಪ್ಪಲಿ ಇಟ್ಟು, "ಎರಡೆರಡು ನಕಲು ತೆಗೀರಿ!" ಅಂದ. ಅಂಗಡಿಯವನು ಓಡಿಸಿಕೊಂಡು ಬಂದ.

ತಾಯಿ ಅತ್ತಳು, ಬೈದಳು. ಆದರೆ ಅವಳ ಕಣ್ಣಿದ್ದದ್ದು ಬೇರೆ ಕಡೆ. ವಾಚನಾಲಯಕ್ಕೆ ಮೊದಲೇ ತಂದಿಟ್ಟಿದ್ದ ಸಾರಥಿಯ ಮೊದಲ ಪುಟದಲ್ಲಿ 'ಬರೆದವರು: ನಿಜಗುಣ' ಅಂತಿತ್ತು. ಮೇಟಿಯನ್ನು ಇಪ್ಪತ್ತೆರಡು ವರ್ಷ ಸಾಕಿದ ತನ್ನ ಹೆಸರು ಎಲ್ಲೂ ಇರಲಿಲ್ಲ.

"ಮರಿ, ಯಾರು ಬೇಕಾದರೂ ತಿದ್ದಬಹುದು ತಾನೇ? ನಮ್ಮ ವಾಚನಾಲಯದ ಪ್ರತೀಲಿ ನಿಜಗುಣ ಅಂತಿರೋ ಕಡೆಯೆಲ್ಲಾ ನಿನ್ನ ಹೆಸರು ಹಾಕು!"

ಎಲ್ಲಾ ಅಂದರೆ ಎಲ್ಲಾ. ಮರಿಸ್ವಾಮಿ ಒಂದೂ ಬಿಡಲಿಲ್ಲ. ನಿಜಗುಣ ಪ್ರಾಮಾಣಿಕ ಹುಡುಗ, ತನ್ನ ತಪ್ಪುಗಳನ್ನೂ ಪಟ್ಟಿ ಮಾಡಿಟ್ಟಿದ್ದ. 'ಈ ತಪ್ಪು ನಿಜಗುಣನದು' ಅಂತ ಮೂವತ್ತೇಳು ಸಾಲು. ಮೂವತ್ತೇಳೂ ಮರಿಸ್ವಾಮಿಯದಾಯಿತು! ಪರದೆ ನೋಡಿದ ಮೇಡಂ, "ಮೂವತ್ತೇಳೇನಾ? ಇನ್ನೂ ಇರಬೇಕು" ಅಂದರು. ನಿಜಗುಣ ನಕ್ಕು ಎಲ್ಲಾ ಸರಿಮಾಡಿದ. ಆ ನಗು ಸರ್ವಮಂಗಳಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಮೇಟಿ ತೆಗೆದು ಸಾರಥಿ ಹಾಕುವ ದಿನ ಬಂತು. ಊರವರು ಸೇರುತ್ತಾರೆ, ಇಬ್ಬರು ಹುಡುಗರೂ ವೇದಿಕೆ ಮೇಲೆ. ಸರ್ವಮಂಗಳಮ್ಮ ಮಗನಿಗೆ ಇಸ್ತ್ರಿ ಅಂಗಿ ತೊಡಿಸಿ, ಗಲ್ಲ ಹಿಡಿದು ಹೇಳಿದಳು, "ನಿನ್ನ ಬುದ್ಧಿ ಉಪಯೋಗಿಸಬ್ಯಾಡ. ಇವತ್ತು ನಿಜಗುಣ ಏನು ಮಾಡ್ತಾನೋ ಅದನ್ನೇ ಮಾಡು. ಕೂದಲೆಳೆಯೂ ಹೆಚ್ಚುಕಮ್ಮಿ ಆಗಬಾರದು!"

"ಹಂಗೇ ಆಗಲಿ ಕಣವ್ವಾ."

ನಿಜಗುಣ ಒಂದು ಕಂಪ್ಯೂಟರಿನಲ್ಲಿ ಹಳೇದನ್ನು ತೆಗೆದು ಹೊಸದನ್ನು ಹಾಕುವ ಆಜ್ಞೆ ಒತ್ತಿದ. ಮರಿಸ್ವಾಮಿ ಪಕ್ಕದ ಕಂಪ್ಯೂಟರಿನಲ್ಲಿ ಅದೇ ಆಜ್ಞೆಯನ್ನು ಅಷ್ಟೇ ನಿಧಾನವಾಗಿ ಒತ್ತಿದ. ಒಂದು ಚುಕ್ಕಿಯೂ ತಪ್ಪಲಿಲ್ಲ! ಮೇಟಿ ಹೋಯಿತು, ಸಾರಥಿ ಬಂತು, ಚಪ್ಪಾಳೆ ಬಿತ್ತು. ಸರ್ವಮಂಗಳಮ್ಮನ ಕಣ್ಣು ತುಂಬಿತು. ನನ್ನ ಮಗ! ಕೊನೆಗೂ ನನ್ನ ಮಗ!

ಇಬ್ಬರಿಗೂ ಹಾರ ಹಾಕಿದರು. ನಿಜಗುಣ ವೇದಿಕೆ ಇಳಿದು, ಹಾರ ತೆಗೆದು ಚಂದ್ರಕಲಾಳ ಕೊರಳಿಗೆ ಹಾಕಿ, ಕಾಲಿಗೆ ಬಿದ್ದು ಅಂದ, "ನನ್ನನ್ನ ಮುಂದಕ್ಕೆ ತಂದವಳು ಇವಳೇ, ನಮ್ಮವ್ವ ಚಂದ್ರಕಲಾ!"

ಸರ್ವಮಂಗಳಮ್ಮ ಸೆರಗು ಸರಿಮಾಡಿಕೊಂಡಳು. ಕೊರಳು ಮುಂದೆ ಚಾಚಿದಳು.

ಮರಿಸ್ವಾಮಿ ಇಳಿದ. ಹಾರ ತೆಗೆದ. ತಾಯಿಯ ಮುಂದೆಯೇ ಹಾದುಹೋಗಿ ಚಂದ್ರಕಲಾಳ ಕೊರಳಿಗೆ ಹಾಕಿ, ಕಾಲಿಗೆ ಬಿದ್ದು ಗಟ್ಟಿಯಾಗಿ ಅಂದ, "ನನ್ನನ್ನ ಮುಂದಕ್ಕೆ ತಂದವಳು ಇವಳೇ, ನಮ್ಮವ್ವ ಚಂದ್ರಕಲಾ!"

ಜನ ಹೋ ಅಂತ ನಕ್ಕರು. ಚಾಚಿದ ಕೊರಳನ್ನು ಸರ್ವಮಂಗಳಮ್ಮ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಅಲ್ಲಿಗೂ ಮುಗಿಯಲಿಲ್ಲ. ನಿಜಗುಣ ಅವರ ಮನೆಗೆ ಹೋದ, ಇವನೂ ಹೋದ. ನಿಜಗುಣ ಉಣ್ಣಲು ಕೂತ, ಇವನೂ ಕೂತ. ಕಾದು ಕಾದು ಸಾಕಾಗಿ ಸರ್ವಮಂಗಳಮ್ಮ ಓರಗಿತ್ತಿಯ ಬಾಗಿಲು ಬಡಿದಳು. ಚಂದ್ರಕಲಾ ಎರಡು ಹಾರ ಹಾಕಿಕೊಂಡೇ ಬಾಗಿಲು ತೆಗೆದಳು.

"ಬಾ ಅಕ್ಕಾ. ಇಬ್ಬರೂ ಊಟಕ್ಕೆ ಕೂತವರೆ. ಯಾವನನ್ನ ಕರ್ಕೊಂಡು ಹೋಗ್ತೀಯಾ?"

ಸರ್ವಮಂಗಳಮ್ಮ ಒಳಗೆ ನೋಡಿದಳು. ನಿಜಗುಣ ತುತ್ತು ಎತ್ತಿದ, ಮರಿಸ್ವಾಮಿ ತುತ್ತು ಎತ್ತಿದ. ನಿಜಗುಣ ನೀರು ಕುಡಿದ, ಮರಿಸ್ವಾಮಿ ನೀರು ಕುಡಿದ.

"ನನ್ನೋನನ್ನೇ ಕೊಡೇ!" ಅಂದಳು. "ಲೋ ಮರಿ, ಏಳೋ, ಮನೆಗೆ ನಡಿ!"

ಮರಿಸ್ವಾಮಿ ನಿಜಗುಣನ ಮುಖ ನೋಡಿದ. ನಿಜಗುಣ ಏಳಲಿಲ್ಲ.