ದಾರಿ ನೋಡಲು ಹೋದ ಖಾಲಮ್ಮ

"ಅಣ್ಣಾ, ದಾರಿ ತಪ್ಪಿದ್ದೀನಿ. ಡಾಕ್ಟರ ಅಂಚೆಪೆಟ್ಟಿಗೆ ಎಲ್ಲಿ?" ಎಂದು ಪ್ರಯೋಗಾಲಯದಿಂದ ಹೊರಟ ಖಾಲಮ್ಮ ಎಂಬ ಖಾಲಿ ಇಮೇಲ್ ಹೊಸ ಸರ್ವರನ್ನು ಕೇಳಿದಳು.

"ಅದು ಹಳೆಯ ಸರ್ವರಿನ ಸುಪರ್ದಿನಲ್ಲಿದೆ, ಅಲ್ಲಿಗೆ ಹೋಗಮ್ಮ," ಎಂದು ಅವನು ಹಾದುಹೋದ ಗುರುತಿಗೆ ಅವಳ ಬೆನ್ನಿಗೆ ಮುದ್ರೆ ಒತ್ತಿದ.

"ಅದೀಗ ಹೊಸಬನದು, ವಾಪಸ್ ನಡೆ," ಎಂದು ಹಳೆಯ ಸರ್ವರೂ ಮುದ್ರೆ ಒತ್ತಿದ.

ಅಲ್ಲಿಂದಿಲ್ಲಿಗೆ ಅಲೆದಲೆದು ಅವಳ ಬೆನ್ನಿನಲ್ಲಿ ಜಾಗವೇ ಉಳಿಯದಂತಾಯಿತು. ಜಾಗ ಮುಗಿದವರನ್ನು ಹರಿದು, ಬಂದ ಕಡೆಗೇ ಎಸೆಯುವುದು ಅಲ್ಲಿನ ಕಾನೂನು.

ದಾರಿಬದಿಯ ಸ್ಪ್ಯಾಮ್ ಬುಟ್ಟಿ ಬಾಯಿ ತೆರೆಯಿತು. "ಒಳಗೆ ಬಾರೇ, ಬದುಕಿಕೋ. ಹೊಟ್ಟೆಯಲ್ಲಿ ಒಂದಕ್ಷರವಿಲ್ಲದವಳು ನೀನು, ಕಾಣೆಯಾದರೆ ಅಳುವವರು ಯಾರು?"

"ನನ್ನ ಹಿಂದೆ ರೋಗಿಗಳ ರಕ್ತದ ವರದಿಗಳು ಹೊರಟು ನಿಂತಿವೆ. ದಾರಿ ಕೆಟ್ಟಿದ್ದರೆ ಬಂದು ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನಾನು ವಾಪಸಾಗದಿದ್ದರೆ, ತಲುಪಿದಳು ಅಂದುಕೊಂಡು ಅವೂ ಬಂದು ಇಲ್ಲೇ ಸಾಯುತ್ತವೆ."

ಕಣ್ಣು ಮುಚ್ಚಿ ಅವಳು ಕೊನೆಯ ಮುದ್ರೆಗೆ ಬೆನ್ನೊಡ್ಡಿದಳು. ಹಳಬ ಪರಪರನೆ ಹರಿದು ಎಸೆದ.

ಪ್ರಯೋಗಾಲಯದ ಹೊಸ್ತಿಲಲ್ಲಿ ಬಿದ್ದ ಚೂರು ಏದುಸಿರಿನಲ್ಲಿ ಹೇಳಿತು: "ಯಾರೂ ಹೊರಡಬೇಡಿ. ಆ ಇಬ್ಬರು ಸರ್ವರುಗಳೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಿದ್ದಾರೆ. ಮೊದಲು ಅವರನ್ನು ಸರಿಮಾಡಿಸಿ."

ಮುಂದೆ ನಿಂತಿದ್ದ ವರದಿ ಎತ್ತಿದ ಕಾಲನ್ನು ಹಿಂದಕ್ಕಿಟ್ಟಿತು. ಖಾಲಮ್ಮನ ಮಾತಿನ ಸಾಲ ಅಲ್ಲಿಗೆ ತೀರಿತು.